ಕೇಳಿ ಕೊಡುವ ಪೆಟ್ಟಿಗೆ

ಅಕ್ಟೋಬರ್ 7, ಶನಿವಾರ

ಸಹಕಾರಿ ಸಂಘದವರು ಜನವರಿಯಲ್ಲಿ ಕೊಟ್ಟ ಡೈರಿ. ಒಂಬತ್ತು ತಿಂಗಳು ಖಾಲಿ ಬಿದ್ದಿತ್ತು. ಇವತ್ತಿನಿಂದ ಬರೆಯುತ್ತೇನೆ. ಇವತ್ತಿನಿಂದ ನಮ್ಮ ಕೇಬಲ್ ಕಂಟ್ರೋಲ್ ರೂಮಿನ ಬೀಗದ ಕೈ ನನ್ನ ಸೊಂಟದಲ್ಲಿದೆ.

ಸ್ಕರಿಯಾನನ್ನು ಮಧ್ಯಾಹ್ನ ಆಸ್ಪತ್ರೆಯಿಂದ ಮನೆಗೆ ತಂದೆವು. ತೊಡೆಯ ಮೂಳೆಗೆ ಸರಳು ಹಾಕಿದ್ದಾರೆ. ಎರಡು ತಿಂಗಳು ಕಾಲು ನೆಲಕ್ಕೆ ತಾಗಬಾರದು. ಮಳೆಯಲ್ಲಿ ಕಂಬ ಹತ್ತಬೇಡ ಎಂದು ಹೇಳಿದ್ದೆ. ಹೇಳಿದ್ದನ್ನು ಕೇಳುವ ಗುಣ ಅವನ ಅಪ್ಪನಿಗೂ ಇರಲಿಲ್ಲ.

ಆ ಅಪ್ಪನೇ, ತೀರಿಹೋದ ನಮ್ಮವರು, ಮೂವತ್ತು ವರ್ಷದ ಹಿಂದೆ ಹಿತ್ತಿಲಲ್ಲಿ ದೊಡ್ಡ ಡಿಶ್ ನಿಲ್ಲಿಸಿ ಊರಿಗೆ ಟಿ.ವಿ. ಕೇಬಲ್ ಎಳೆದರು. ಈಗ ಅದೇ ಕಂಬಗಳ ಮೇಲೆ ಇಂಟರ್ನೆಟ್ ಹೋಗುತ್ತದೆ. ದಡದ ಮನೆಗಳಿಗೆ ತಂತಿಯಲ್ಲಿ. ಹಿನ್ನೀರಿನ ಈ ಕಾಯಲಿನ ನಡುವಿನ ಕೊಕ್ಕುತುರುತ್ತು ದ್ವೀಪದ ಅರವತ್ತಮೂರು ಮನೆಗಳಿಗೆ ಮಾತ್ರ ನೀರಿನ ಮೇಲೆ, ಗಾಳಿಯಲ್ಲಿ. ಈ ದಡದ ಕಂಬದಲ್ಲೊಂದು ರೇಡಿಯೋ, ಆ ದಡದ ಕಂಬದಲ್ಲೊಂದು, ಎರಡೂ ಒಂದನ್ನೊಂದು ನೋಡುತ್ತಾ ನಿಂತಿವೆ.

ತುರುತ್ತಿನಲ್ಲಿ ತನ್ನ ಕಂಬ ನೆಡಬೇಕೆಂದು ಒಂದು ದೊಡ್ಡ ಕಂಪನಿ ಪಂಚಾಯತ್ತಿಗೆ ಅರ್ಜಿ ಹಾಕಿದೆ. 31ನೇ ತಾರೀಖು ಸಭೆ. ಅಲ್ಲಿಯವರೆಗೆ ನಮ್ಮ ಲೈನ್ ಕೆಡದೆ ನಡೆದರೆ ಆ ಅರ್ಜಿಯನ್ನು ಕೇಳುವವರಿಲ್ಲ. ಕೆಟ್ಟರೆ ನಮ್ಮವರ ಮೂವತ್ತು ವರ್ಷದ ದುಡಿಮೆ ನೀರುಪಾಲು.

ಸೊಸೆ ಲಿನ್ಸಿ, “ಅಮ್ಮಚ್ಚಿ, ನಾನು ಐ.ಟಿ.ಐ.ಯಲ್ಲಿ ಇದನ್ನೇ ಓದಿದ್ದು, ನಾನು ನೋಡ್ಕೊಳ್ತೀನಿ” ಎಂದಳು. ಮಲೆಯ ಮೇಲಿನ ಊರಿಂದ ಬಂದ ಹುಡುಗಿ, ದೋಣಿ ಹತ್ತಲು ಕಲಿತೇ ಮೂರು ವರ್ಷವಾಯಿತು. ನಮ್ಮ ಮನೆಯ ಹೆಂಗಸರು ಕಂಬ ಹತ್ತುವುದಿಲ್ಲ ಎಂದೆ. ಬೀಗದ ಕೈ ಸಿಕ್ಕಿಸಿಕೊಂಡೆ.

ಊಟಕ್ಕೆ ವರಾಲ್ ಮೀನಿನ ಸಾರು. ಹುಡುಗಿಗೆ ಮೂರು ಸೌಟು ಅನ್ನ ಹಾಕಿದೆ. ಬಡಿಸುವಾಗ ಬೇಕೇ ಎಂದು ಕೇಳುವುದು ಕೊಡಲು ಮನಸ್ಸಿಲ್ಲದವರ ಪದ್ಧತಿ. ನಮ್ಮ ಮನೆಯಲ್ಲಿ ತಟ್ಟೆ ಕಂಡರೆ ಬಡಿಸುತ್ತೇವೆ. ಅವಳಿಗೆ ತಟ್ಟೆ ಹಿಡಿದು ಹಿತ್ತಿಲ ಕಟ್ಟೆಯಲ್ಲಿ ಕೂತು ಉಣ್ಣುವ ಅಭ್ಯಾಸ, ಅವರ ಕಡೆ ಹಾಗಿರಬೇಕು. ತಟ್ಟೆಯಲ್ಲಿ ಅಗುಳೂ ಬಿಡುವುದಿಲ್ಲ, ಅದೊಂದು ಒಳ್ಳೆಯ ಗುಣ. ಆದರೂ ಬಡಕಲಾಗಿಯೇ ಇದ್ದಾಳೆ.

ಈ ವರ್ಷ ಬಾತುಗಳು ಚೆನ್ನಾಗಿ ಕೊಬ್ಬಿವೆ. ಮಗನ ಜೀವ ಉಳಿಯಿತು. ಕರ್ತನಿಗೆ ಸ್ತೋತ್ರ.

ಅಕ್ಟೋಬರ್ 9, ಸೋಮವಾರ

ಸಂಜೆ ನಾಲ್ಕಕ್ಕೆ ತುಲಾಮಾಸದ ಗುಡುಗು. ಒಂದು ಸಿಡಿಲು ಕಾಯಲಿನ ಮೇಲೆಯೇ ಬಿದ್ದ ಹಾಗಿತ್ತು. ಅದರ ನಂತರ ತುರುತ್ತಿನಲ್ಲಿ ನೆಟ್ ಇಲ್ಲ. ದೀಪಗಳು ಉರಿಯುತ್ತಿವೆ, ನಮ್ಮ ಲೈನಷ್ಟೇ ಸತ್ತಿದೆ.

ಐದು ನಿಮಿಷದಲ್ಲಿ ತುರುತ್ತಿನಿಂದ ಭಾರ್ಗವಿಯ ಫೋನು. ಅವಳೂ ನಾನೂ ಎಸ್.ಎಸ್.ಎಲ್.ಸಿ.ಗೆ ಒಂದೇ ಬೆಂಚು. “ಏನೇ ಶೋಶೇ, ನಿನ್ನ ಗಾಳಿ ನಿಂತೋಯ್ತಾ?” ಎಂದಳು. ತಮಾಷೆ ಮಾಡಿದರೂ ದನಿಯಲ್ಲಿ ಹೆದರಿಕೆಯಿತ್ತು. ಅವಳ ಗಂಡ ದಿವಾಕರನಿಗೆ ಶ್ವಾಸದ ತೊಂದರೆ. ವಾರಕ್ಕೆರಡು ಸಲ ತುರುತ್ತಿನ ಆರೋಗ್ಯ ಕೇಂದ್ರದಲ್ಲಿ ಕೋಟ್ಟಯಂನ ಡಾಕ್ಟರು ಪರದೆಯಲ್ಲಿ ನೋಡಿ ಔಷಧಿ ಬದಲಿಸುತ್ತಾರೆ. ಲೈನಿಲ್ಲದಿದ್ದರೆ ಆತನನ್ನು ಕುರ್ಚಿಯಲ್ಲಿ ಕೂರಿಸಿ ದೋಣಿ ಹತ್ತಿಸಬೇಕು. “ಎರಡು ದಿನ ತಡೆ” ಎಂದೆ.

ಹುಡುಗಿ ಅಂಗಡಿಗೆ ಫೋನ್ ಮಾಡಿ ಸಿಡಿಲಿಗೆ ಸುಟ್ಟ ರೇಡಿಯೋದ ಜಾತಿಯದೇ ಇನ್ನೊಂದು ತರಿಸುತ್ತಿದ್ದಾಳೆ. ಬಸ್ಸಿನಲ್ಲಿ ಬರುತ್ತದೆ.

ಅಕ್ಟೋಬರ್ 12, ಗುರುವಾರ

ಕೋಪ ಇನ್ನೂ ಇಳಿದಿಲ್ಲ.

ರೇಡಿಯೋ ಬಂತು, ಅಡಾಪ್ಟರ್ ಬರಲಿಲ್ಲ. ಸ್ಟಾಕಿಲ್ಲ, ಹಳೆಯದೇ ನಡೆಯುತ್ತದೆ ಎಂದರಂತೆ. ಹಳೆಯದು ಸಿಡಿಲಿಗೆ ಹೋಗಿದೆ. ಅಡಾಪ್ಟರ್ ಎಂದರೆ ಕಂಬದ ಬುಡದಲ್ಲಿರುವ ಕಪ್ಪು ತುಂಡು. ಕಂಬದ ಮೇಲೆ ಬೇರೆ ಕರೆಂಟ್ ವಯರ್ ಎಳೆಯುವುದಿಲ್ಲ. ನೆಟ್ ಕೇಬಲಿನಲ್ಲೇ ಮಾತೂ ಹೋಗುತ್ತದೆ, ರೇಡಿಯೋಗೆ ಬೇಕಾದ ಕರೆಂಟೂ ಹೋಗುತ್ತದೆ. ಆ ಕರೆಂಟನ್ನು ಕೇಬಲಿಗೆ ತುಂಬುವುದು ಅಡಾಪ್ಟರ್. ಅಷ್ಟು ನನಗೂ ಗೊತ್ತು.

ನಮ್ಮವರು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಹಳೆಯ ಅಡಾಪ್ಟರುಗಳನ್ನು ಕೂಡಿಟ್ಟಿದ್ದರು. ಒಂಬತ್ತಿವೆ. ಎಲ್ಲವೂ ಕಪ್ಪು, ಎಲ್ಲಕ್ಕೂ ಒಂದೇ ಬಾಯಿ. ಡಬ್ಬಿ ಕೊಳಕಾಗಿತ್ತು. ಈಸ್ಟರಿಗೆ ಮುಂಚೆ ಒಂದೊಂದನ್ನೂ ಸೀಮೆಎಣ್ಣೆಯಲ್ಲಿ ಉಜ್ಜಿ, ಜಿಡ್ಡು ಹಿಡಿದ ಅಂಟುಟೇಪುಗಳನ್ನು ಕಿತ್ತು, ಮಿರಮಿರ ಮಾಡಿಟ್ಟವಳು ನಾನೇ. ಹುಡುಗಿ, “ಯಾವುದು ಅಂತ ಒಂದ್ಸಲ ನೋಡಿಕೊಡ್ತೀನಿ” ಎಂದು ಕೈ ಚಾಚಿದಳು. “ಇದೇನು ಮಲೆಯ ಏಲಕ್ಕಿಯಾ, ಆರಿಸೋಕೆ?” ಎಂದೆ.

ದೋಣಿಯ ಪುಷ್ಕರನೇ ತುರುತ್ತಿನ ಕಂಬ ಹತ್ತಿ ರೇಡಿಯೋ ಕಟ್ಟಿದ. ಬುಡದಲ್ಲಿ ನಾನು ಅಡಾಪ್ಟರ್ ಸಿಕ್ಕಿಸಿದೆ. ಬಾಯಿಗೆ ಬಾಯಿ ಸರಿಯಾಗಿ ಕೂತಿತು. ಮೇಲೆ ಹಸಿರು ದೀಪ ಹತ್ತಿತು. ಭಾರ್ಗವಿ ಕೈ ಮುಗಿದಳು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ದೀಪವಿಲ್ಲ, ಸುಟ್ಟ ವಾಸನೆ. ಪುಷ್ಕರನ್ ಮೇಲಿನಿಂದ, “ಚೇಟ್ಟತ್ತಿ, ಬೆಂದೋಯ್ತು ಕಣ್ರೀ” ಎಂದ.

ಹದಿನಾಲ್ಕು ಸಾವಿರದ ಮಾಲು. ಅಂಗಡಿಯವನು ಹುಡುಗಿಯನ್ನು ಕಂಡು ಕೆಟ್ಟದ್ದನ್ನು ಕಟ್ಟಿಕೊಟ್ಟಿದ್ದಾನೆ. ಮನೆಗೆ ಬಂದು ಅಷ್ಟನ್ನೇ ಹೇಳಿದೆ. ಅವಳು ರೇಡಿಯೋವನ್ನು ಮೂಸಿದಳು, ಅಡಾಪ್ಟರನ್ನು ತಿರುಗಿಸಿ ನೋಡಿದಳು, ಏನೂ ಹೇಳಲಿಲ್ಲ. ತಪ್ಪು ಮಾಡಿದವರಿಗೆ ಮಾತೆಲ್ಲಿ.

ಅಕ್ಟೋಬರ್ 13, ಶುಕ್ರವಾರ

ಸ್ಕರಿಯಾ ಔಷಧಿಯ ಮಂಪರಿನಿಂದ ಎದ್ದು ಕೇಳಿದ, “ಅಮ್ಮಚ್ಚಿ, ಹಸಿರು ಟೇಪ್ ಸುತ್ತಿದ್ದನ್ನೇ ತಾನೇ ಹಾಕಿದ್ದು?”

ಹೌದು ಎಂದೆ. ಹಾಸಿಗೆ ಹಿಡಿದವನಿಗೆ ಇಲ್ಲದ ಚಿಂತೆ ಯಾಕೆ.

ಅಕ್ಟೋಬರ್ 15, ಭಾನುವಾರ

ಚರ್ಚಿನ ಪೂಜೆ ಮುಗಿದು ಪಳ್ಳಿಯ ಅಂಗಳದಲ್ಲಿ ನಾಲ್ಕು ಜನ ಸುತ್ತಿಕೊಂಡರು. ತುರುತ್ತಿನ ಲೈನ್ ಏನಾಯಿತು ಎಂದು. ಸೊಸೆ ತರಿಸಿದ ಮಾಲು ಸುಟ್ಟುಹೋಯಿತು ಎಂದೆ. ಹುಡುಗಿ ಎರಡು ಮಾರು ಹಿಂದೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಕೇಳಿಸಿರಬಹುದು.

ಗೇಟಿನ ಹೊರಗೆ ಪಂಚಾಯತ್ ಮೆಂಬರ್ ಸುಗುಣನ್. ಪಕ್ಕದಲ್ಲಿ ಕಂಪನಿಯವನು, ಕಂಪನಿಯದೇ ಕೊಡೆ ಹಿಡಿದು ಅದರ ನೆರಳನ್ನು ಸುಗುಣನ ಮೇಲೆ ಬೀಳಿಸುತ್ತಿದ್ದ. ಸುಗುಣನ್ ನನ್ನ ಕಡೆ ತಿರುಗಿ, “ಚೇಟ್ಟತ್ತಿ, ವಯಸ್ಸಾಯ್ತು, ಇನ್ನು ಯಾಕೆ ಈ ತಲೆನೋವು? ಮನೇಲಿ ಕೂತು ಟಿ.ವಿ. ನೋಡಿ” ಎಂದ.

“ನೋಡ್ತೀನಿ. ನೀನು ಹುಟ್ಟಿದ ವರ್ಷ ನಿಮ್ಮನೆಗೆ ಟಿ.ವಿ. ಕೇಬಲ್ ಎಳೆದವರು ನಾವೇ. ಈಗಲೂ ನಮ್ಮ ಲೈನೇ ಬರ್ತಿದೆ, ಅಲ್ವಾ?” ಎಂದೆ.

ಕಂಪನಿಯವನು ನಕ್ಕ. ಸುಗುಣನ್ ನಗಲಿಲ್ಲ. ಮಾತಿಗೇನೋ ಗೆದ್ದೆ. ಲೈನ್ ಸತ್ತೇ ಇದೆ.

ಅಕ್ಟೋಬರ್ 17, ಮಂಗಳವಾರ

ದಿವಾಕರನನ್ನು ಇವತ್ತು ಕುರ್ಚಿಯಲ್ಲಿ ಕೂರಿಸಿ ದೋಣಿಯಲ್ಲಿ ತಂದರು. ದೋಣಿ ನಿಲ್ಲುವ ಕಡವಿನಲ್ಲಿ ಇಳಿಸುವಾಗ ನೋಡಿದೆ. ಎದೆ ಕುಲುಮೆಯ ತಿದಿಯ ಹಾಗೆ ಏಳುತ್ತಿತ್ತು. ಭಾರ್ಗವಿ ನನ್ನ ಕಡೆ ನೋಡಲಿಲ್ಲ. ಐವತ್ತು ವರ್ಷದಲ್ಲಿ ಅವಳು ನನ್ನನ್ನು ಬೈಯದೆ ದಾಟಿದ್ದು ಇದೇ ಮೊದಲು.

ಮನೆಗೆ ಬಂದು ಬೀಗದ ಕೈ ಮೇಜಿನ ಮೇಲೆ ಇಟ್ಟೆ. “ತಗೋ. ನಿನ್ನ ಐ.ಟಿ.ಐ. ಏನು ಹೇಳ್ತದೋ ನೋಡೋಣ.”

ಹುಡುಗಿ ನನ್ನ ಮುಖ ನೋಡಿದಳು, ಸ್ಕರಿಯಾನ ಮುಖ ನೋಡಿದಳು. ಅವನು ಹಾಸಿಗೆಯಿಂದ, “ತಗೊಳ್ಳೇ, ಅಮ್ಮಚ್ಚಿ ಕೊಡೋದು ಒಂದೇ ಸಲ” ಎಂದ. ಅವಳು ಆಗಲೇ ಬೇರೆ ಜಾತಿಯ ಇನ್ನೊಂದು ರೇಡಿಯೋ ಹೇಳಿಟ್ಟಿದ್ದಳಂತೆ, ತನ್ನ ಬಳೆ ಮಾರಿದ ದುಡ್ಡಿನಲ್ಲಿ. ಅದನ್ನು ನನಗೆ ಹೇಳಿರಲಿಲ್ಲ. ಬೈಯಬೇಕೆಂದುಕೊಂಡೆ. ಬೆಳಿಗ್ಗೆ ಬೈದರಾಯಿತು.

ಅಕ್ಟೋಬರ್ 18, ಬುಧವಾರ

ಬೈಯಲಿಲ್ಲ. ಸಮಯವಾಗಲಿಲ್ಲ.

ನಾನೂ ದೋಣಿಯಲ್ಲಿ ಹೋದೆ. ಕಂಬ ಹತ್ತಲು ಪುಷ್ಕರನ್ ಸಿದ್ಧನಾಗಿದ್ದ. ಹುಡುಗಿ ಚೂಡಿದಾರದ ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದು, “ಪುಷ್ಕರನ್ ಚೇಟ್ಟ, ಬೆಲ್ಟ್ ಕೊಡಿ” ಎಂದಳು. ಬೇಡ ಎನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಅವಳು ನನ್ನ ತಲೆಗಿಂತ ಮೇಲಿದ್ದಳು. ಮೆಣಸಿನ ಬಳ್ಳಿಗೆ ಏಣಿ ಹಾಕಿ ಬೆಳೆದ ಕಾಲು, ತಡವರಿಸಲಿಲ್ಲ. ನಾನು ಕೆಳಗೆ ನಿಂತು ಕುರಿಯೇಲೈಸೋನ್, ಕರ್ತನೇ ಕರುಣಿಸು ಎಂದು ಹೇಳುತ್ತಿದ್ದೆ. ಎಷ್ಟು ಸಲವೆಂದು ಲೆಕ್ಕವಿಲ್ಲ.

ಬುಡದ ಪೆಟ್ಟಿಗೆಯಲ್ಲಿ ಅವಳು ಹಳೆಯ ಥರದ ಅಡಾಪ್ಟರ್ ಇಡಲಿಲ್ಲ. ಕೇಬಲಿಗೆ ತಾನೇ ಕರೆಂಟು ತುಂಬುವ, ನಾಲ್ಕು ಬಾಯಿಯ ಒಂದು ಹೊಸ ನೆಟ್ ಸ್ವಿಚ್ ಇಟ್ಟಳು. ಒಂದು ಬಾಯಿಗೆ ರೇಡಿಯೋ. ಇನ್ನೊಂದಕ್ಕೆ ಕಡವಿನ ತಿರುಗುವ ಕ್ಯಾಮೆರಾ. ಅದು ಪಂಚಾಯತ್ತಿನದು, ನೀರು ಏರುವುದನ್ನು ನೋಡಲು ಸ್ಕರಿಯಾನೇ ಹಾಕಿಕೊಟ್ಟದ್ದು. ಅದರ ಅಡಾಪ್ಟರೂ ಸಿಡಿಲಿಗೆ ಹೋಗಿತ್ತು. ಪ್ಲಗ್ ಹಾಕಿದಳು. ಏನೂ ಆಗಲಿಲ್ಲ. ನಾನು ಬಗ್ಗಿ ಸುಟ್ಟ ವಾಸನೆ ಇದೆಯೇ ಎಂದು ಮೂಸಿದೆ. ಎರಡು ಉಸಿರಿನಷ್ಟು ಹೊತ್ತಾದ ಮೇಲೆ ದೀಪ ಹತ್ತಿತು, ಹತ್ತೇ ಇತ್ತು.

“ಯಾಕೆ ತಡ ಮಾಡ್ತು?” ಎಂದು ವಾಪಸು ಬರುವಾಗ ಕೇಳಿದೆ.

“ಕೇಳ್ತಾ ಇತ್ತು ಅಮ್ಮಚ್ಚಿ.”

“ಏನು ಕೇಳೋದು?”

“ಇದರಲ್ಲಿ ಎರಡು ಜಾತಿ. ಒಂದು, ಆ ಕಡೆ ಯಾರಿದ್ದಾರೆ ಅಂತ ನೋಡೋದೇ ಇಲ್ಲ. ಪ್ಲಗ್ ಹಾಕಿದ ಕೂಡಲೇ ಇಪ್ಪತ್ತನಾಲ್ಕು ವೋಲ್ಟಿನದು ಇಪ್ಪತ್ತನಾಲ್ಕು ಸುರೀತದೆ, ನಲವತ್ತೆಂಟರದು ನಲವತ್ತೆಂಟು ಸುರೀತದೆ. ತಡೀತದೋ ಇಲ್ವೋ, ಆ ಕಡೆಯವನ ಹಣೆಬರಹ. ಇದು ಇನ್ನೊಂದು ಜಾತಿ. ಮೊದಲು ಚೂರೇ ಚೂರು ಬಿಟ್ಟು ತಟ್ಟಿ ನೋಡ್ತದೆ. ಸರಿಯಾದ ಉತ್ತರ ಬಂದ್ರೆ, ನಿಂಗೆಷ್ಟು ಬೇಕು ಅಂತ ಕೇಳ್ತದೆ. ಆಮೇಲೇ ಕೊಡೋದು.”

“ಉತ್ತರ ಕೊಡದಿದ್ರೆ?”

“ಕೊಡಲ್ಲ. ಸುಮ್ನೆ ಕೂತಿರ್ತದೆ. ಆದ್ರೆ ಯಾರೂ ಸುಡಲ್ಲ.”

“ಇಷ್ಟು ವಿಚಾರಣೆ ಮಾಡಿ ಕೊಡೋದು ಕೊಟ್ಟ ಹಾಗಾ? ಮನೆಗೆ ಬಂದವರನ್ನ ಹೀಗೆ ಬಾಗಿಲಲ್ಲಿ ನಿಲ್ಲಿಸಿ ಕೇಳಿದ್ರೆ ನಾಳೆ ನಮ್ಮ ಮೆಟ್ಟಿಲು ಯಾರು ಹತ್ತುತಾರೆ?”

ಪುಷ್ಕರನ್ ಹುಟ್ಟು ಬಿಟ್ಟು ನಕ್ಕ. ಹುಡುಗಿ ನೀರನ್ನು ನೋಡುತ್ತಿದ್ದಳು.

ಕೇಳಿ ಕೊಡುವುದರಲ್ಲೂ ಮೂರು ಅಳತೆಯಂತೆ. ಎ.ಎಫ್. ಎಂದರೆ ಹದಿನೈದು ವಾಟ್. ಎ.ಟಿ. ಎಂದರೆ ಮೂವತ್ತು. ಬಿ.ಟಿ. ಅರವತ್ತು, ತೊಂಬತ್ತರವರೆಗೂ. ನಾನು ಬಾತು, ಆಡು, ಎಮ್ಮೆ ಎಂದು ನೆನಪಿಟ್ಟುಕೊಂಡಿದ್ದೇನೆ. ಹದಿನೈದು ಕೊಟ್ಟರೂ ದಾರಿಯಲ್ಲಿ ಸೋರಿ ಹದಿಮೂರು ತಲುಪಿದರೆ ಪುಣ್ಯ ಎಂದಳು. ಪಡಿತರದ ಅಕ್ಕಿಯೂ ಹಾಗೆಯೇ ಎಂದೆ. ಆಗ ನಕ್ಕಳು.

ತುರುತ್ತಿಗೆ ಲೈನ್ ಬಂತು. ಕರ್ತನಿಗೆ ಸ್ತೋತ್ರ. ಪುಷ್ಕರನಿಗೂ. ನಾಲ್ಕು ಸಲ ದೋಣಿ ಹಾಕಿದವನು ಒಂದು ಚಹಾ ಬಿಟ್ಟು ಬೇರೇನೂ ತೆಗೆದುಕೊಂಡಿಲ್ಲ.

ಇಷ್ಟು ಬರೆದು, ದೀಪ ಹಚ್ಚಿ ಮಂಡಿಯೂರಿದ್ದೆ, ಭಾರ್ಗವಿಯ ಫೋನು. ಲೈನ್ ಹೋಯಿತಂತೆ.

ಅಕ್ಟೋಬರ್ 20, ಶುಕ್ರವಾರ

ಹಗಲೆಲ್ಲಾ ಚೆನ್ನಾಗಿದೆ. ಸಂಜೆಯಾದರೆ ಸಾಯುತ್ತದೆ. ಹುಡುಗಿ ಮೂರು ಸಲ ಹೋಗಿ ಕೇಬಲಿನ ತುದಿ ಕತ್ತರಿಸಿ ಹೊಸದಾಗಿ ಕಟ್ಟಿ ಬಂದಳು. ಇಬ್ಬನಿಯ ತೇವ ಇರಬೇಕು ಎನ್ನುತ್ತಾಳೆ. ಬೆರಳು ಕುಯ್ದುಕೊಂಡಿದ್ದಾಳೆ, ಅರಿಶಿನ ಹಚ್ಚಿದೆ. ಇವತ್ತು ಒಂದು ಸೌಟು ಜಾಸ್ತಿಯೇ ಬಡಿಸಿದೆ, ಶಕ್ತಿ ಬೇಕಲ್ಲ.

ಸುಗುಣನ್ ಫೋನ್ ಮಾಡಿದ್ದ. “ಚೇಟ್ಟತ್ತಿ, ಕೋಳಿ ಗೂಡು ಸೇರೋ ಹೊತ್ತಿಗೆ ನಿಮ್ಮ ಲೈನೂ ಗೂಡು ಸೇರ್ತದಂತೆ?” ಫೋನ್ ಇಟ್ಟೆ. ಸಭೆಗೆ ಇನ್ನು ಹನ್ನೊಂದು ದಿನ.

ಅಕ್ಟೋಬರ್ 21, ಶನಿವಾರ

ಕೋಳಿ ಎಂದದ್ದು ತಲೆಯಲ್ಲಿ ಉಳಿಯಿತು. ಸಂಜೆ ಪ್ರಾರ್ಥನೆಗೆ ನಾನು ದೀಪ ಹಚ್ಚುವುದು ಸೂರ್ಯ ಮುಳುಗಿ ಹತ್ತು ನಿಮಿಷಕ್ಕೆ, ಅದು ತಪ್ಪುವುದಿಲ್ಲ. ಈ ಮೂರೂ ದಿನ ನಾನು ದೀಪ ಹಚ್ಚಿ ಮಂಡಿಯೂರಿದ ಕೂಡಲೇ ಭಾರ್ಗವಿಯ ಫೋನು ಬಂದಿದೆ. ತೇವಕ್ಕೆ ಇಷ್ಟು ಶಿಸ್ತು ಇರುವುದಿಲ್ಲ.

ಇವತ್ತು ದೀಪ ಹಚ್ಚದೆ ಕಡವಿಗೆ ಹೋಗಿ ನಿಂತೆ. ಐವತ್ತೆಂಟು ವರ್ಷದಲ್ಲಿ ಮೊದಲ ಸಲ ಪ್ರಾರ್ಥನೆ ತಡವಾಯಿತು. ಕತ್ತಲು ಇಳಿಯುತ್ತಿದ್ದ ಹಾಗೆ ಆಚೆ ದಡದ ಕ್ಯಾಮೆರಾದ ಕಣ್ಣ ಸುತ್ತ ಮಸುಕು ಕೆಂಪು ಬೆಳಕು ಹತ್ತಿತು. ಹತ್ತಿದ ಮರುಕ್ಷಣ ಕ್ಯಾಮೆರಾವೂ ಆರಿತು, ರೇಡಿಯೋ ದೀಪವೂ ಆರಿತು.

ಮನೆಗೆ ಬಂದು ಹೇಳಿದೆ, “ತೇವವೂ ಅಲ್ಲ, ಗೀವವೂ ಅಲ್ಲ. ಆ ಕ್ಯಾಮೆರಾಕ್ಕೆ ಸಂಜೆ ಹಸಿವು ಏರ್ತದೆ. ಹಗಲು ಬಾತಿನಷ್ಟು ತಿಂದುಕೊಂಡು ಇರ್ತದೆ, ಕತ್ತಲಾದ್ರೆ ಆಡಿನಷ್ಟು ಕೇಳ್ತದೆ. ನಿನ್ನ ಪೆಟ್ಟಿಗೇಲಿ ಅಷ್ಟಿಲ್ಲ, ಅದಕ್ಕೇ ರೇಡಿಯೋನೂ ಜೊತೇಲಿ ಸಾಯ್ತದೆ.”

ಹುಡುಗಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ನನ್ನನ್ನೇ ನೋಡಿದಳು. ಸ್ಕರಿಯಾ ಹಾಸಿಗೆಯಿಂದ, “ಲಿನ್ಸೀ, ನಿನ್ನ ಐ.ಟಿ.ಐ.ಗೆ ಅಮ್ಮಚ್ಚಿನ ಮೇಷ್ಟ್ರು ಮಾಡ್ಬೇಕು” ಎಂದ.

ಕ್ಯಾಮೆರಾ ಬಂದ ರಟ್ಟಿನ ಪೆಟ್ಟಿಗೆ ಅಟ್ಟದಲ್ಲಿರಬೇಕು. ನಾನು ಯಾವ ಪೆಟ್ಟಿಗೆಯನ್ನೂ ಎಸೆಯುವವಳಲ್ಲ. ನಾಳೆ ತೆಗೆದು ಓದುತ್ತೇನೆ.

ಅಕ್ಟೋಬರ್ 22, ಭಾನುವಾರ

ಬರೆಯುವಂಥದ್ದು ಏನೂ ಇಲ್ಲ.

ಅಕ್ಟೋಬರ್ 23, ಸೋಮವಾರ

ನಿನ್ನೆ ಬರೆದದ್ದು ಸುಳ್ಳು.

ಪಳ್ಳಿಯಿಂದ ಬಂದು ಅಟ್ಟದ ರಟ್ಟಿನ ಪೆಟ್ಟಿಗೆ ಇಳಿಸಿದೆ. ವೇದಪುಸ್ತಕ ಓದುವ ಭೂತಗನ್ನಡಿ ಹಿಡಿದು ಅಂಚಿನ ಇರುವೆಯಂಥ ಅಕ್ಷರ ಓದಿದೆ. ಎ.ಟಿ. ಎಂದೇ ಇತ್ತು, ಇಪ್ಪತ್ತೈದು ವಾಟ್ ಎಂದೂ ಇತ್ತು. ಹೆಮ್ಮೆಯಾಯಿತು. ಗಾಜು ಕೈಯಲ್ಲೇ ಇತ್ತು. ಪಕ್ಕದಲ್ಲಿ ಬಿಸ್ಕತ್ತಿನ ಡಬ್ಬಿ ಇತ್ತು. ಇವುಗಳ ಹೊಟ್ಟೆಯಲ್ಲಿ ಏನು ಬರೆದಿದೆ ನೋಡೋಣ ಎನ್ನಿಸಿತು.

ಐದರಲ್ಲಿ ಇಪ್ಪತ್ತನಾಲ್ಕು ವೋಲ್ಟ್. ನಾಲ್ಕರಲ್ಲಿ ನಲವತ್ತೆಂಟು. ಆ ನಾಲ್ಕರಲ್ಲಿ ಒಂದಕ್ಕೆ ಯಾರೋ ಹೊಸದಾಗಿ ಕೆಂಪು ದಾರ ಸುತ್ತಿ ಗಂಟು ಹಾಕಿದ್ದಾರೆ. ಮೂಲೆ ಸ್ವಲ್ಪ ಒಡೆದಿದೆ. ನಾನು 12ನೇ ತಾರೀಖು ತುರುತ್ತಿಗೆ ಒಯ್ದದ್ದು ಅದೇ. ದೋಣಿಯಲ್ಲಿ ಬೀಳಿಸಿ ಮೂಲೆ ಒಡೆದದ್ದೂ ನಾನೇ.

ಆಗ ನೆನಪಾಯಿತು. ಈಸ್ಟರಿಗೆ ಮುಂಚೆ ನಾನು ಕಿತ್ತ ಅಂಟುಟೇಪುಗಳಲ್ಲಿ ಐದು ಹಸಿರು, ನಾಲ್ಕು ಕೆಂಪು. ಜಿಡ್ಡು ಎಂದುಕೊಂಡು ಕಿತ್ತೆ. ಅವರು ಇದ್ದಷ್ಟು ದಿನ ಆ ಡಬ್ಬಿಯನ್ನು ಯಾರಿಗೂ ಮುಟ್ಟಲು ಬಿಡಲಿಲ್ಲ. ಹೋದ ಮೇಲೆ ಅವರ ಕೈಯ ಗುರುತನ್ನು ಸೀಮೆಎಣ್ಣೆ ಹಾಕಿ ಉಜ್ಜಿದವಳು ನಾನು. ಇಪ್ಪತ್ತನಾಲ್ಕರ ರೇಡಿಯೋಗೆ ನಲವತ್ತೆಂಟು ಸುರಿದೆ. ಬಾಯಿಗೆ ಬಾಯಿ ಕೂತರೆ ಸಾಕು ಎಂದುಕೊಂಡೆ.

ಅಂಗಡಿಯವನ ತಪ್ಪಿಲ್ಲ. ಹುಡುಗಿಯ ತಪ್ಪಿಲ್ಲ.

ಇವತ್ತು ಬೆಳಿಗ್ಗೆ ಲಿನ್ಸಿ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಾಗ ಆ ಅಡಾಪ್ಟರ್ ತಂದು ಅವಳ ಮುಂದೆ ಇಟ್ಟೆ. “ಈ ದಾರ ಯಾರು ಕಟ್ಟಿದ್ದು?”

“ನಾನೇ ಅಮ್ಮಚ್ಚಿ. ಇನ್ನೊಂದ್ಸಲ ಯಾರೂ ತಪ್ಪಿ ತಗೋಬಾರ್ದು ಅಂತ.”

“ಯಾವತ್ತು ಕಟ್ಟಿದ್ದು?”

“ಅವತ್ತೇ.”

“ಹಾಗಾದ್ರೆ ಅವತ್ತೇ ಗೊತ್ತಿತ್ತು ನಿಂಗೆ. ಪಳ್ಳಿ ಅಂಗಳದಲ್ಲಿ ನಾಲ್ಕು ಜನರ ಮುಂದೆ ನಾನು ನಿನ್ನ ಹೆಸರು ಹೇಳಿದಾಗಲೂ ಗೊತ್ತಿತ್ತು. ಯಾಕೆ ಬಾಯಿ ಬಿಡಲಿಲ್ಲ?”

ಅವಳು ತುರಿಯುವುದನ್ನು ನಿಲ್ಲಿಸಲಿಲ್ಲ. “ಅಮ್ಮಚ್ಚಿ ಕೇಳಲಿಲ್ಲ.”

ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಹೊರಗೆ ಬಂದು ಬಾವಿಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತೆ. ಬಾತುಗಳು ಬಂದು ಸುತ್ತ ನಿಂತು ಅನ್ನಕ್ಕಾಗಿ ನನ್ನ ಕೈ ನೋಡಿದವು. ನಾನು ಇವಕ್ಕೆ ಯಾವತ್ತೂ ಅನ್ನ ಹಾಕಿದವಳಲ್ಲ, ತೌಡು ಹಾಕುತ್ತೇನೆ. ಇವಕ್ಕೆ ಈ ರೂಢಿ ಯಾರು ಮಾಡಿದರೋ.

ಅಕ್ಟೋಬರ್ 26, ಗುರುವಾರ

ಆಲಪ್ಪುಳದಿಂದ ಲಿನ್ಸಿ ಕ್ಯಾಮೆರಾಕ್ಕೆ ಪ್ರತ್ಯೇಕ ಅಡಾಪ್ಟರ್ ತಂದಳು. ಕೇಳಿ ಕೊಡುವ ಜಾತಿಯೇ, ಎ.ಟಿ. ಅಳತೆಯದು. ಸ್ವಿಚ್ಚು ಇನ್ನು ರೇಡಿಯೋವನ್ನಷ್ಟೇ ಸಾಕಿದರೆ ಸಾಕು.

ಸಂಜೆ ತುರುತ್ತಿನಲ್ಲೇ ನಿಂತೆವು, ಅವಳು, ನಾನು, ಪುಷ್ಕರನ್, ಭಾರ್ಗವಿ. ಕತ್ತಲು ಇಳಿಯಿತು. ಕ್ಯಾಮೆರಾದ ಸುತ್ತ ಕೆಂಪು ಹತ್ತಿತು. ನಾಲ್ವರೂ ರೇಡಿಯೋ ದೀಪ ನೋಡಿದೆವು. ಹಸಿರಾಗಿಯೇ ಇತ್ತು. ಹತ್ತು ನಿಮಿಷ ಆಯಿತು, ಹಸಿರಾಗಿಯೇ ಇತ್ತು. ಭಾರ್ಗವಿ ದೀಪಕ್ಕೆ ಎಣ್ಣೆ ಹಾಕಿ ತುಳಸಿಕಟ್ಟೆಯಲ್ಲಿಟ್ಟಳು. ನಾನು ಅವಳ ಜಗಲಿಯಲ್ಲೇ ಮಂಡಿಯೂರಿ ನನ್ನ ಪ್ರಾರ್ಥನೆ ಹೇಳಿದೆ. “ಎರಡೂ ಕಡೆ ಹೇಳ್ಬಿಡು, ಯಾವ ಲೈನ್ ಸಿಗ್ತದೋ” ಎಂದಳು. ಬೈಯಲು ಶುರು ಮಾಡಿದ್ದಾಳೆ, ಮನಸ್ಸು ಹಗುರವಾಯಿತು.

ಒಳಗೆ ದಿವಾಕರನ್ ಫೋನಿನ ಪರದೆಯಲ್ಲಿ ಮೊಮ್ಮಗಳನ್ನು ನೋಡುತ್ತಿದ್ದ. ನಾಳೆ ಡಾಕ್ಟರು ಪರದೆಗೆ ಬರುತ್ತಾರೆ.

ಕರ್ತನಿಗೆ ಸ್ತೋತ್ರ. ಟೇಪ್ ಸುತ್ತಿಟ್ಟು ಹೋದವರಿಗೆ. ದಾರ ಕಟ್ಟಿ ಸುಮ್ಮನಿದ್ದವಳಿಗೆ.

ಅಕ್ಟೋಬರ್ 31, ಮಂಗಳವಾರ

ಬಿಳಿ ರವಿಕೆ ತೊಟ್ಟು, ಮುಂಡು ಉಟ್ಟು, ಮೇಲೆ ಕವಣಿ ಶಾಲು ಹೊದ್ದು ಹೋದೆ. ಇಂಥ ದಿನಗಳಿಗೆಂದೇ ಇಟ್ಟದ್ದು. ಲಿನ್ಸಿ ಬರುವುದಿಲ್ಲ ಎಂದಳು. ಬಾ ಎಂದೆ, ಬಂದಳು.

ಪಂಚಾಯತ್ ಹಾಲ್ ತುಂಬಿತ್ತು. ತುರುತ್ತಿನಿಂದ ಎರಡು ದೋಣಿ ಜನ. ಕಂಪನಿಯವನು ಬಣ್ಣದ ಕಾಗದ ಹಂಚಿದ. ಸುಗುಣನ್ ಎದ್ದು ಹೇಳಿದ, “ಈ ತಿಂಗಳು ಹದಿನೇಳು ದಿನ ತುರುತ್ತಿನ ಲೈನ್ ಸರಿಯಿರಲಿಲ್ಲ. ಕೇಳಿದ್ರೆ, ಮನೆಯ ಸೊಸೆ ಮಾಲು ಸುಟ್ಟಳು ಅಂತಾರೆ. ಇದನ್ನ ಪಳ್ಳಿಯ ಅಂಗಳದಲ್ಲಿ ಚೇಟ್ಟತ್ತಿಯೇ ಹೇಳಿದ್ದು. ಅನುಭವ ಇಲ್ಲದ ಹುಡುಗಿಯ ಕೈಗೆ ಅರವತ್ತಮೂರು ಮನೆ ಕೊಡೋಕಾಗ್ತದಾ?”

ಎಲ್ಲರೂ ಲಿನ್ಸಿಯ ಕಡೆ ತಿರುಗಿದರು. ಅವಳು ತನ್ನ ಕುಯ್ದ ಬೆರಳನ್ನು ನೋಡಿಕೊಳ್ಳುತ್ತಿದ್ದಳು. ನಾನು ಹೇಳಿದ ಮಾತು ದೋಣಿಯಿಲ್ಲದೆ ಕಾಯಲು ದಾಟಿ ಇಲ್ಲಿಗೆ ಬಂದು ಕೂತಿತ್ತು.

ಎದ್ದು ನಿಂತೆ. ಮಂಡಿ ನೋಯುತ್ತಿತ್ತು. “ಸುಟ್ಟವಳು ನಾನು” ಎಂದೆ.

ಎಲ್ಲರೂ ಈಗ ನನ್ನ ಕಡೆ ತಿರುಗಿದರು.

“ಅವಳು ನೋಡಿಕೊಡ್ತೀನಿ ಅಂದಳು, ನಾನು ಕೈ ತಳ್ಳಿದೆ. ತಪ್ಪು ಅಡಾಪ್ಟರ್ ಹಾಕಿ ಒಳ್ಳೆ ರೇಡಿಯೋ ಸುಟ್ಟೆ, ಆಮೇಲೆ ಅವಳ ತಲೆಗೆ ಕಟ್ಟಿದೆ. ಕಂಬ ಹತ್ತಿ ಸರಿ ಮಾಡಿದ್ದು ಇವಳು. ಅನುಭವ ಇಲ್ಲದವಳು ನಾನೇ. ಇನ್ನು ಮೇಲೆ ತುರುತ್ತಿನ ಲೈನ್ ನೋಡಿಕೊಳ್ಳೋದು ಲಿನ್ಸಿ ಸ್ಕರಿಯಾ. ಆ ಹೆಸರು ನೋಡಿ ಬೇಕು ಅಂದ್ರೆ ಇಟ್ಕೊಳ್ಳಿ, ಬೇಡ ಅಂದ್ರೆ ಬೇಡ. ನಾನು ನಮ್ಮೋರ ಹೆಸರು ಹೇಳಿ ಕೇಳಲ್ಲ.”

ಕೂತೆ. ಹೆಸರು ಹೇಳಿ ಕೇಳುವುದಿಲ್ಲ ಎಂದೆ, ಆದರೆ ಆ ಹೊತ್ತಿಗೆ ಅವರು ಪಕ್ಕದಲ್ಲಿದ್ದಿದ್ದರೆ ಚೆನ್ನಾಗಿತ್ತು.

ಹಿಂದಿನ ಬೆಂಚಿನಿಂದ ಭಾರ್ಗವಿ ಎದ್ದಳು. “ಮೆಂಬರೇ, ನಾನು ಶೋಶೆನ ಹತ್ತು ವರ್ಷದವಳಿದ್ದಾಗಿಂದ ಬಲ್ಲೆ. ಅವಳು ತಪ್ಪಾಯ್ತು ಅಂದದ್ದು ಇದೇ ಮೊದಲು. ಇದಕ್ಕಿಂತ ಭದ್ರ ಲೈನ್ ನಮಗೆ ಇನ್ಯಾವ ಕಂಪನಿ ಕೊಡ್ತದೆ?” ಹಾಲ್ ನಕ್ಕಿತು. ಅಧ್ಯಕ್ಷೆಯೂ ನಕ್ಕರು. ಆಮೇಲೆ ಕ್ಯಾಮೆರಾ ಸಂಜೆ ಆರುತ್ತಿದ್ದ ಕಾರಣವನ್ನು ಲಿನ್ಸಿಯನ್ನೇ ಕೇಳಿದರು. ಅವಳು ಎದ್ದು ಬಾತು, ಆಡು, ಎಮ್ಮೆ ಎಂದು ವಿವರಿಸಿದಳು. ನನ್ನ ಮಾತು ಅವಳ ಬಾಯಲ್ಲಿ ಚೆನ್ನಾಗಿ ಕೇಳಿಸಿತು.

ತೀರ್ಮಾನ ಅರ್ಧ ಸಿಹಿ. ದಡದ ರಸ್ತೆಯಲ್ಲಿ ಕಂಪನಿ ಕಂಬ ನೆಡಬಹುದು. ಅಲ್ಲಿ ನಮಗೆ ಕೆಲವು ಮನೆ ಹೋಗುತ್ತವೆ, ಗೊತ್ತು. ತುರುತ್ತು ಮಾತ್ರ ಮೂರು ವರ್ಷ ನಮ್ಮದೇ. ಕಾಗದದಲ್ಲಿ ಹೊಣೆಗಾರರ ಜಾಗದಲ್ಲಿ ಲಿನ್ಸಿ ಸಹಿ ಹಾಕಿದಳು. ದುಂಡಗಿನ ಅಕ್ಷರ. ಮೂರು ವರ್ಷದಲ್ಲಿ ಅವಳ ಬರಹ ನಾನು ನೋಡಿರಲಿಲ್ಲ.

ನವೆಂಬರ್ 5, ಭಾನುವಾರ

ಪೂಜೆ ಮುಗಿದ ಮೇಲೆ ಅದೇ ಅಂಗಳದಲ್ಲಿ, ಅದೇ ನಾಲ್ಕು ಜನರನ್ನು ನಿಲ್ಲಿಸಿ, 15ನೇ ತಾರೀಖು ಹೇಳಿದ್ದನ್ನು ತಿದ್ದಿದೆ. ಎಲ್ಲಿ ಚೆಲ್ಲಿದೆವೋ ಅಲ್ಲೇ ಒರೆಸಬೇಕು.

ಮಧ್ಯಾಹ್ನ ನಾವಿಬ್ಬರೂ ಬಿಸ್ಕತ್ತಿನ ಡಬ್ಬಿ ಮುಂದಿಟ್ಟು ಕೂತೆವು. ಲಿನ್ಸಿ ಹೊಟ್ಟೆಯ ಅಕ್ಷರ ಓದಿ ಹೇಳಿದಳು, ನಾನು ಟೇಪ್ ಸುತ್ತಿದೆ. ಐದಕ್ಕೆ ಹಸಿರು, ನಾಲ್ಕಕ್ಕೆ ಕೆಂಪು. ಅವರು ಎರಡು ಸುತ್ತು ಹಾಕುತ್ತಿದ್ದರು, ನಾನೂ ಎರಡು ಸುತ್ತು ಹಾಕಿದೆ. ಆ ಕೆಂಪು ದಾರವನ್ನು ಬಿಚ್ಚಲಿಲ್ಲ, ಅದರ ಮೇಲೆಯೇ ಟೇಪ್ ಸುತ್ತಿದೆ. ಬಳೆಯ ದುಡ್ಡಿನ ಮಾತೂ ಆಯಿತು. ಬರುವ ಶನಿವಾರ ಕೋಟ್ಟಯಂಗೆ ಹೋಗಿ ಅವಳೇ ಆರಿಸಿದ ಬಳೆ ತರುವುದು. ನಾನು ಆರಿಸುವುದಿಲ್ಲ.

ಸ್ಕರಿಯಾ ಗೋಡೆ ಹಿಡಿದು ಒಂಟಿ ಕಾಲಲ್ಲಿ ಊಟದ ಮೇಜಿನವರೆಗೆ ಬಂದ. ಕರಿಮೀನು ಹುರಿದಿತ್ತು, ಮಜ್ಜಿಗೆ ಸಾರು ಇತ್ತು. ಅನ್ನದ ಸೌಟು ಎತ್ತಿದೆ. ಯಾಕೋ ಕೈ ನಿಂತಿತು.

“ಲಿನ್ಸೀ, ಮಗಳೇ, ಎಷ್ಟು ಹಾಕಲಿ?”

ಅವಳಿಗೆ ತಕ್ಷಣ ಉತ್ತರ ಬರಲಿಲ್ಲ. ನಾನು ಕಾದೆ. ಎರಡು ಉಸಿರಿನಷ್ಟು ಹೊತ್ತಾಗಿರಬಹುದು.

“ಒಂದು ಸೌಟು ಸಾಕು ಅಮ್ಮಚ್ಚಿ. ನಂಗೆ ಮೊದಲಿಂದಲೂ ಅಷ್ಟೇ.”

ಒಂದೇ ಹಾಕಿದೆ. ಇವತ್ತು ಅವಳು ತಟ್ಟೆ ಹಿಡಿದು ಹಿತ್ತಿಲಿಗೆ ಹೋಗಲಿಲ್ಲ, ಮೇಜಿನಲ್ಲೇ ನಮ್ಮ ಜೊತೆ ಉಂಡಳು. ಮೀನು ಇನ್ನೊಂದು ತುಂಡು ತಾನಾಗಿಯೇ ಕೇಳಿ ಹಾಕಿಸಿಕೊಂಡಳು.

ಬಾತುಗಳು ಹಿತ್ತಿಲ ಬಾಗಿಲಲ್ಲಿ ಅವಳ ತಟ್ಟೆಗಾಗಿ ಬಹಳ ಹೊತ್ತು ಕಾದು ನಿಂತಿದ್ದವು. ಕೊನೆಗೆ ನಾನೇ ಎದ್ದು ತೌಡು ಹಾಕಿದೆ. ನನ್ನ ಮುಖ ನೋಡಿದವು, ತೌಡು ನೋಡಿದವು, ತಿನ್ನಲಿಲ್ಲ.